ಪ್ರಾಗ್‌ನಲ್ಲಿ ಅಮೃತ, ದಾವಣಗೆರೆಯಲ್ಲಿ ಒದ್ದೆ ರಟ್ಟು: ಅದೇ ಬಿಯರ್‌ಗೆ ಹೀಗೇಕಾಯಿತು?

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಕಳೆದ ವರ್ಷ ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಜೆಕ್ ದೇಶದ ಪ್ರಾಗ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಒಂದು ದಿನ ಮಗ ಪಿಲ್ಸೆನ್ ಊರಿಗೆ ಕರೆದುಕೊಂಡು ಹೋದ. ಅಲ್ಲಿನ ಪಿಲ್ಸ್ನರ್ ಉರ್ಕ್ವೆಲ್ ಬ್ರೂವರಿಯ ನೆಲಮಾಳಿಗೆಯಲ್ಲಿ ಮರದ ಪೀಪಾಯಿಯಿಂದ ನೇರವಾಗಿ ಹಿಡಿದು ಕೊಟ್ಟ ಬಿಯರ್ ಕುಡಿದೆ. ಅಂಥ ಬಿಯರ್ ಜೀವನದಲ್ಲಿ ಕುಡಿದಿರಲಿಲ್ಲ. ಮಾರನೆಯ ದಿನ ಪ್ರಾಗ್‌ನ ಒಂದು ಪಬ್‌ನಲ್ಲಿ ಅದನ್ನೇ ನಾಲ್ಕು ಮಗ್ ಕುಡಿದೆ, ಬೆಳಗ್ಗೆ ತಲೆನೋವೇ ಇಲ್ಲ. ಬರುವಾಗ ಅದೇ ಬಿಯರ್‌ನ ನಾಲ್ಕು ಹಸಿರು ಬಾಟಲಿ ತಂದು ಹಾಲ್‌ನ ಶೋಕೇಸ್‌ನಲ್ಲಿ ಇಟ್ಟೆ. ದೀಪಾವಳಿಗೆ ಗೆಳೆಯರ ಜೊತೆ ತೆಗೆದರೆ ಏನೋ ಕೆಟ್ಟ ವಾಸನೆ, ರುಚಿ ಒದ್ದೆ ರಟ್ಟಿನ ಹಾಗೆ. "ಹೊರಗೆ ಕಳಿಸೋ ಬಾಟಲಿಗೆ ಬೇರೆ ಮಾಲು ತುಂಬ್ತಾರೆ" ಎಂದ ಒಬ್ಬ. "ಅಲ್ಲಿಯ ನೀರೇ ಬೇರೆ. ನಮ್ಮಲ್ಲಿ ಗ್ಲಿಸರಿನ್ ಹಾಕ್ತಾರೆ, ಅದಕ್ಕೇ ಎರಡು ಬಾಟಲಿಗೆ ತಲೆ ಹಿಡಿಯೋದು" ಎಂದ ಇನ್ನೊಬ್ಬ. ನಿಜ ಯಾವುದು? ಆ ರುಚಿ ನಮ್ಮ ಕಡೆ ಸಿಗುವ ದಾರಿ ಇದೆಯೇ? ಮುಂದಿನ ವರ್ಷ ಜರ್ಮನಿಗೆ ಹೋಗುವ ಯೋಚನೆ ಇದೆ. ಬರುವಾಗ ತರುವುದಾದರೆ ಏನು ತರಬೇಕು, ಹೇಗೆ? ಹೆಂಡತಿ ಕುಡಿಯುವುದಿಲ್ಲ. ಅವಳಿಗೆ ಬೇಸರವಾಗದ ಹಾಗೆ ಬಿಯರ್ ಜಾಗಗಳನ್ನು ನೋಡಬಹುದೇ?

ಉತ್ತರ: ನಿಮಗೆ ಅನ್ನಿಸಿದ್ದು ಎರಡು ಕಡೆಯೂ ಸರಿಯೇ. ಪಿಲ್ಸೆನ್‌ನಲ್ಲಿ ಕುಡಿದದ್ದು ನಿಜವಾಗಿಯೂ ಒಳ್ಳೆಯ ಬಿಯರ್. ದೀಪಾವಳಿಗೆ ಕುಡಿದದ್ದು ನಿಜವಾಗಿಯೂ ಕೆಟ್ಟ ಬಿಯರ್. ನಡುವೆ ಏನಾಯಿತು ಎಂಬುದೇ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿರುವವನು. ಯುರೋಪ್ ನೋಡಿಕೊಂಡು ಬಂದ ಗಿರಾಕಿಗಳು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ಹೆಚ್ಚಿನವರು ಗುಟ್ಟು ಪದಾರ್ಥದಲ್ಲಿದೆ ಅಂದುಕೊಂಡಿರುತ್ತಾರೆ. ನನ್ನ ಅನುಭವದಲ್ಲಿ ಗುಟ್ಟಿನ ಮುಕ್ಕಾಲು ಪಾಲು ಇರುವುದು ಬಿಯರ್ ಎಷ್ಟು ಹಳೆಯದು, ಎಷ್ಟು ಬಿಸಿಲು ಕಂಡಿದೆ, ಯಾವ ದಾರಿಯಲ್ಲಿ ಬಂದಿದೆ ಎಂಬುದರಲ್ಲಿ.

ಮೊದಲು ಗ್ಲಿಸರಿನ್ ಕಥೆ ಮುಗಿಸಿಬಿಡೋಣ. ಇದು ಇಡೀ ದೇಶದಲ್ಲಿ ಓಡಾಡುವ ಕಥೆ. ಬಾಟಲಿಯನ್ನು ನೀರಿನ ಲೋಟಕ್ಕೆ ತಲೆಕೆಳಗಾಗಿ ಹಿಡಿದು, ಇಳಿಯುವ ಎಣ್ಣೆಯಂಥ ಎಳೆ ತೋರಿಸಿ "ನೋಡು, ಗ್ಲಿಸರಿನ್ ಇಳೀತಿದೆ" ಎನ್ನುವವರನ್ನು ನೀವೂ ನೋಡಿರುತ್ತೀರಿ. ಅಲ್ಲಿ ಇಳಿಯುವುದು ಬಿಯರೇ. ಬಿಯರ್‌ನಲ್ಲಿ ಹುದುಗದೆ ಉಳಿದ ಸಕ್ಕರೆಯ ಅಂಶ ಇರುವುದರಿಂದ ಅದು ಸಾಮಾನ್ಯವಾಗಿ ನೀರಿಗಿಂತ ಸ್ವಲ್ಪ ಭಾರ. ಭಾರದ್ದು ಕೆಳಗೆ ಇಳಿಯುತ್ತದೆ, ಆ ಜಾಗಕ್ಕೆ ನೀರು ಮೇಲೇರುತ್ತದೆ. ಪ್ರಾಗ್‌ನ ಬಾಟಲಿಯನ್ನು ಹೀಗೆ ಹಿಡಿದಿದ್ದರೂ ಅದೇ ಎಳೆ ಕಾಣುತ್ತಿತ್ತು. ಹೀಗೆ ಮಾಡಿದವರು ಕೊನೆಗೆ ಕುಡಿಯುವುದು ನೀರು ಬೆರೆತ ಬಿಯರ್, ಅಷ್ಟೇ. ಇನ್ನು ಗ್ಲಿಸರಿನ್ ಅಂದರೆ ಗ್ಲಿಸರಾಲ್. ಅದನ್ನು ಯೀಸ್ಟ್ ಹುದುಗುವಾಗ ತಾನೇ ಮಾಡುತ್ತದೆ, ಲೀಟರಿಗೆ ಒಂದೆರಡು ಗ್ರಾಂ. ಜೆಕ್ ಬಿಯರ್‌ನಲ್ಲೂ ಇರುತ್ತದೆ, ಜರ್ಮನ್ ಬಿಯರ್‌ನಲ್ಲೂ ಇರುತ್ತದೆ. ನಾನು ಕೆಲಸ ಮಾಡಿದ ಯಾವ ಜಾಗದಲ್ಲೂ ಅದನ್ನು ಡಬ್ಬದಿಂದ ಸುರಿದದ್ದನ್ನು ಕಂಡಿಲ್ಲ.

ಹಾಗಾದರೆ ತಲೆನೋವು? ಇದಕ್ಕೆ ಒಂದು ಲೆಕ್ಕ ಸಾಕು. ಪಿಲ್ಸ್ನರ್ ಉರ್ಕ್ವೆಲ್‌ನಲ್ಲಿ ಆಲ್ಕೋಹಾಲ್ ಶೇ. 4.4. ಅರ್ಧ ಲೀಟರಿನ ನಾಲ್ಕು ಮಗ್ ಅಂದರೆ 2 ಲೀಟರ್, ಅದರಲ್ಲಿ ಆಲ್ಕೋಹಾಲ್ 88 ಮಿಲಿ. ನಮ್ಮ ಕಡೆ ಬಾರ್‌ನಲ್ಲಿ "ಒಂದು ಬಿಯರ್" ಅಂದರೆ ಸಾಮಾನ್ಯವಾಗಿ 650 ಮಿಲಿಯ ಸ್ಟ್ರಾಂಗ್. ಸ್ಟ್ರಾಂಗ್‌ನಲ್ಲಿ ಶೇ. 8ರ ತನಕ ಇರಬಹುದು. ಶೇ. 7 ಎಂದೇ ಇಟ್ಟುಕೊಂಡರೂ ಎರಡು ಬಾಟಲಿಗೆ 91 ಮಿಲಿ ಆಯಿತು. ಅಂದರೆ ಇಲ್ಲಿಯ ಎರಡು ಅಲ್ಲಿಯ ನಾಲ್ಕಕ್ಕಿಂತ ಜಾಸ್ತಿ! ಅಲ್ಲಿ ನೀವು ಸಂಜೆಯೆಲ್ಲ ಕೂತು, ಊಟದ ಜೊತೆ, ಮಗನ ಜೊತೆ ಮಾತಾಡುತ್ತಾ ಕುಡಿದಿರುತ್ತೀರಿ. ಇಲ್ಲಿ ಖಾರದ ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಬಾರ್ ಮುಚ್ಚುವ ಮೊದಲು ಮುಗಿಸುವ ಅವಸರ. ನೀರು ಕುಡಿಯುವುದಂತೂ ಮರೆತೇ ಹೋಗುತ್ತದೆ. ಬೆಳಗಿನ ತಲೆನೋವಿಗೆ ಮುಖ್ಯ ಕಾರಣ ಹೊಟ್ಟೆಗೆ ಹೋದ ಆಲ್ಕೋಹಾಲ್, ಹೋದ ವೇಗ. ಹಾಗಂತ ಅಲ್ಲಿಯ ಬಿಯರ್ ಎಷ್ಟು ಕುಡಿದರೂ ಏನೂ ಆಗಲ್ಲ ಅಂದುಕೊಳ್ಳಬೇಡಿ. ಆರನೇ ಮಗ್‌ಗೆ ಅದೂ ತನ್ನ ಗುಣ ತೋರಿಸುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ಗೊಂದಲ ಹೇಳಿಬಿಡುತ್ತೇನೆ. ಜೆಕ್ ಪಬ್‌ಗಳ ಬೋರ್ಡ್‌ನಲ್ಲಿ 10°, 12° ಎಂದು ಬರೆದಿರುತ್ತಾರೆ. ನಮ್ಮವರು ಅದನ್ನು ಆಲ್ಕೋಹಾಲ್ ಪ್ರಮಾಣ ಎಂದು ಓದಿಕೊಂಡು "ಹನ್ನೆರಡು ಪರ್ಸೆಂಟ್ ಕುಡಿದೆ, ಏನೂ ಆಗಲಿಲ್ಲ" ಎಂದು ಊರಿಗೆ ಬಂದು ಹೇಳುತ್ತಾರೆ. ಅದು ಹುದುಗುವ ಮೊದಲು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸದಲ್ಲಿ ಕರಗಿದ್ದ ಸಕ್ಕರೆ ಮುಂತಾದವುಗಳ ಅಳತೆ. ನೀವು ಕುಡಿದ ಶೇ. 4.4ರ ಬಿಯರೇ ಅಲ್ಲಿಯ ಹನ್ನೆರಡು ಡಿಗ್ರಿ ಬಿಯರ್.

ನೀರಿನ ವಿಷಯದಲ್ಲಿ ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಪಿಲ್ಸೆನ್ ನೀರು ತುಂಬಾ ಮೃದು, ಲವಣ ಬಹಳ ಕಡಿಮೆ. ಆ ತೆಳು ಬಂಗಾರದ ಬಣ್ಣಕ್ಕೆ, ನಾಲಿಗೆಗೆ ಒರಟಾಗದ ಕಹಿಗೆ ಅದು ನೆರವಾಯಿತು. 1838ರಲ್ಲಿ ಆ ಊರಿನವರು ತಮ್ಮ ಬಿಯರ್ ಕುಡಿಯಲಾಗದಷ್ಟು ಕೆಟ್ಟಿದೆ ಎಂದು 36 ಪೀಪಾಯಿಗಳನ್ನು ಪುರಭವನದ ಮುಂದೆ ಸುರಿದರು ಎಂದು ಅಲ್ಲಿ ಹೇಳುತ್ತಾರೆ. ಆಮೇಲೆ ಊರಿನವರೇ ಸೇರಿ ಹೊಸ ಬ್ರೂವರಿ ಕಟ್ಟಿದರು, ಪಕ್ಕದ ಬವೇರಿಯಾದಿಂದ (ಈಗ ಅದು ಜರ್ಮನಿಯ ಭಾಗ) ಯೋಸೆಫ್ ಗ್ರೋಲ್ ಎಂಬ ಬ್ರೂವರ್‌ನನ್ನು ಕರೆಸಿದರು. 1842ರ ಅಕ್ಟೋಬರ್‌ನಲ್ಲಿ ಅವನು ಮಾಡಿದ ಮೊದಲ ಪಾಕವೇ ಇಂದು ಜಗತ್ತಿನಲ್ಲಿ ಕುಡಿಯುವ ಹೆಚ್ಚಿನ ತಿಳಿ ಬಣ್ಣದ ಲಾಗರ್‌ಗಳ, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಬಿಯರ್‌ಗಳ, ಮೂಲ. ಗಮನಿಸಿ, 1838ರಲ್ಲಿ ಸುರಿದ ಬಿಯರ್ ಕೂಡ ಅದೇ ಊರಿನ ನೀರಿನದ್ದು! ಇವತ್ತಂತೂ ನೀರಿನ ಲವಣ ತೆಗೆದು ಬೇಕಾದಷ್ಟನ್ನೇ ಸೇರಿಸುವುದು ಬ್ರೂವರಿಗಳಲ್ಲಿ ದಿನನಿತ್ಯದ ಕೆಲಸ. ಪಿಲ್ಸೆನ್ ನೀರನ್ನು ಬೆಂಗಳೂರಿನಲ್ಲೂ ಮಾಡಿಕೊಳ್ಳಬಹುದು.

ಬಾಟಲಿಗೆ ಬೇರೆ ಮಾಲು ಎನ್ನುವ ಮಾತಿನಲ್ಲೂ ಸ್ವಲ್ಪ ಹುರುಳಿದೆ, ಆದರೆ ಅವರು ಹೇಳಿದ ಅರ್ಥದಲ್ಲಿ ಅಲ್ಲ. ನೆಲಮಾಳಿಗೆಯಲ್ಲಿ ನಿಮಗೆ ಕೊಟ್ಟದ್ದು ಸೋಸದ, ಪಾಶ್ಚರೀಕರಿಸದ ಬಿಯರ್. ಯೀಸ್ಟ್ ಇನ್ನೂ ಅದರಲ್ಲಿತ್ತು. ಸ್ವಲ್ಪ ಮಬ್ಬು ಮಬ್ಬಾಗಿತ್ತಲ್ವಾ? ಬಾಟಲಿಗೆ ಹೋಗುವುದನ್ನು ಸೋಸುತ್ತಾರೆ, ಕೆಡದಿರಲಿ ಎಂದು ಬಿಸಿ ತೋರಿಸುತ್ತಾರೆ. ಪ್ರಾಗ್ ಪಬ್‌ನಲ್ಲಿ ನೀವು ಕುಡಿದದ್ದು ಬಹುಶಃ ಇವೆರಡರ ನಡುವಿನದು, ಟ್ಯಾಂಕ್ ಬಿಯರ್. ಪಾಶ್ಚರೀಕರಿಸದ ಬಿಯರನ್ನು ಬ್ರೂವರಿಯಿಂದ ತಂಪು ಲಾರಿಯಲ್ಲಿ ತಂದು ಪಬ್‌ನ ದೊಡ್ಡ ಟ್ಯಾಂಕಿನೊಳಗಿನ ಚೀಲಕ್ಕೆ ತುಂಬುತ್ತಾರೆ. ಚೀಲವನ್ನು ಹೊರಗಿನಿಂದ ಗಾಳಿ ಒತ್ತುತ್ತದೆ, ಬಿಯರ್ ನಲ್ಲಿಗೆ ಬರುತ್ತದೆ, ಗಾಳಿ ಮಾತ್ರ ಬಿಯರನ್ನು ಮುಟ್ಟುವುದಿಲ್ಲ. ಜನ ಜಾಸ್ತಿ ಇರುವ ಪಬ್‌ನಲ್ಲಿ ಆ ಟ್ಯಾಂಕ್ ಬೇಗ ಖಾಲಿಯಾಗುತ್ತದೆ. ಮತ್ತೆ ಹೊಸದು ಬರುತ್ತದೆ. ತಲೆಗೆ ಇಷ್ಟು ಬಿಯರ್ ಎಂಬ ಲೆಕ್ಕದಲ್ಲಿ ಜಗತ್ತಿಗೇ ಮೊದಲಿರುವವರು ಜೆಕ್ ಜನ. ಅವರು ಕುಡಿಯುವ ವೇಗವೇ ಅವರ ಬಿಯರನ್ನು ತಾಜಾ ಇಡುತ್ತದೆ.

ಈಗ ನಿಮ್ಮ ಶೋಕೇಸಿಗೆ ಬರೋಣ. ಅಲ್ಲಿ ಎರಡು ಬೇರೆ ಬೇರೆ ಅನಾಹುತ ಆಗಿವೆ. ಆ ಕೆಟ್ಟ ವಾಸನೆ ಬೆಳಕಿನ ಕೆಲಸ. ಹಾಪ್ಸ್ ಹೂವಿನಿಂದ ಬಿಯರ್‌ಗೆ ಕಹಿ ಕೊಡುವ ವಸ್ತುಗಳು ಬೆಳಕು ಬಿದ್ದರೆ ಒಡೆಯುತ್ತವೆ, ಗಂಧಕವಿರುವ ಒಂದು ವಸ್ತು ಹುಟ್ಟುತ್ತದೆ. ಅಮೆರಿಕದ ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ನಾತಕ್ಕೆ ಅದು ಹತ್ತಿರದ ಸಂಬಂಧಿ. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗಿಗೆ ತಿಳಿಯುತ್ತದೆ. ಕಂದು ಬಾಟಲಿ ಆ ಬೆಳಕನ್ನು ಬಹಳಷ್ಟು ತಡೆಯುತ್ತದೆ. ಹಸಿರು ಬಾಟಲಿ ತಡೆಯುವುದು ಕಡಿಮೆ. ನೇರ ಬಿಸಿಲಿನಲ್ಲಿ ಇದಕ್ಕೆ ನಿಮಿಷಗಳು ಸಾಕು. ನಿಮ್ಮ ಬಾಟಲಿಗಳು ತಿಂಗಳುಗಟ್ಟಲೆ ಹಾಲ್‌ನ ಬೆಳಕಿನಲ್ಲಿ ನಿಂತಿದ್ದವು.

ಒದ್ದೆ ರಟ್ಟಿನ ರುಚಿ ಬಂದದ್ದು ಆಮ್ಲಜನಕ ಮತ್ತು ಸೆಕೆಯಿಂದ. ಎಷ್ಟೇ ಜಾಗ್ರತೆ ಮಾಡಿ ತುಂಬಿದರೂ ಬಾಟಲಿಯಲ್ಲಿ ಚೂರು ಗಾಳಿ ಉಳಿಯುತ್ತದೆ. ಅದು ನಿಧಾನವಾಗಿ ಬಿಯರನ್ನು ಹಳಸಿಸುತ್ತದೆ, ಶಾಖ ಹೆಚ್ಚಾದಷ್ಟೂ ಬೇಗ. ನಮ್ಮ ಕಸುಬಿನಲ್ಲಿ ಒಂದು ಅಂದಾಜು ಲೆಕ್ಕ ಇದೆ: 32 ಡಿಗ್ರಿಯಲ್ಲಿ 3 ದಿನಕ್ಕೆ ಆಗುವ ಹಾನಿ 22 ಡಿಗ್ರಿಯಲ್ಲಿ ಆಗಲು 30 ದಿನ ಬೇಕು, ಫ್ರಿಜ್‌ನ 3 ಡಿಗ್ರಿಯಲ್ಲಿ ಆಗಲು 300 ದಿನ. ಜೂನ್‌ನಿಂದ ದೀಪಾವಳಿಯ ತನಕ ದಾವಣಗೆರೆಯ ಹಾಲ್‌ನಲ್ಲಿ ಇದ್ದ ಬಾಟಲಿಯ ಗತಿ ನೀವೇ ಲೆಕ್ಕ ಹಾಕಿ. ವಿದೇಶದಿಂದ ಬಂದದ್ದೆಲ್ಲ ಇಟ್ಟಷ್ಟೂ ಬೆಲೆ ಬಾಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇದೆ. ಉಪ್ಪಿನಕಾಯಿ ಇಟ್ಟಷ್ಟೂ ಹದವಾಗುತ್ತದೆ, ಆದರೆ ಲಾಗರ್ ಇಡ್ಲಿಯ ಜಾತಿಗೆ ಸೇರಿದ್ದು.

ಸುರಿಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಪ್ರಾಗ್‌ನಲ್ಲಿ ಮೊದಲು ಲೋಟಕ್ಕೆ ದಟ್ಟ ನೊರೆ ಬಿಟ್ಟು, ಅದರ ಅಡಿಯಲ್ಲಿ ಬಿಯರ್ ತುಂಬುತ್ತಾರೆ. ಮೇಲೆ ಮೂರು ಬೆರಳು ನೊರೆ ನಿಲ್ಲುತ್ತದೆ. ಆ ನೊರೆ ಬಿಯರ್‌ಗೆ ಮುಚ್ಚಳ, ಗಾಳಿಯನ್ನು ಹತ್ತಿರ ಬಿಡುವುದಿಲ್ಲ. ನಮ್ಮಲ್ಲಿ ನೊರೆ ಕಂಡರೆ ಮೋಸ ಎಂದು ಜಗಳಕ್ಕೆ ನಿಲ್ಲುತ್ತಾರೆ. ಅದಕ್ಕೆ ಸಪ್ಲೈಯರ್ ಗ್ಲಾಸ್ ಓರೆ ಹಿಡಿದು ಒಂದು ಗುಳ್ಳೆಯೂ ಏಳದ ಹಾಗೆ ಸುರಿಯುತ್ತಾನೆ. ಹೊರಗೆ ಹೋಗಬೇಕಾದ ಗ್ಯಾಸ್ ಹೊಟ್ಟೆಗೆ ಹೋಗುತ್ತದೆ. ಆಮೇಲೆ ಹೊಟ್ಟೆ ಉಬ್ಬರ, ಅದಕ್ಕೂ ಬೈಗುಳ ಕಂಪನಿಗೇ.

ಸರಿ, ಉಳಿದ ಕಾಲು ಪಾಲು? ಅದು ನಿಮ್ಮದೇ. ಮಗನ ಜೊತೆ, ಮೊದಲ ಸಲ ನೋಡಿದ ಊರಿನಲ್ಲಿ, ದಿನವಿಡೀ ನಡೆದು ಬಾಯಾರಿದಾಗ ಕುಡಿದದ್ದು ಚೆನ್ನಾಗಿಯೇ ಇರುತ್ತದೆ. ಆದರೆ ಎಲ್ಲವೂ ಮನಸ್ಸಿನ ಆಟ ಎಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಐರ್ಲೆಂಡಿನ ಗಿನ್ನೆಸ್ ಎಂಬ ಕಪ್ಪು ಬಿಯರ್ ತನ್ನ ದೇಶದಲ್ಲೇ ಹೆಚ್ಚು ರುಚಿಯೇ ಎಂಬ ಇದೇ ಥರದ ಪ್ರಶ್ನೆ ಹಿಡಿದು ನಾಲ್ವರು ಸಂಶೋಧಕರು 14 ದೇಶಗಳ 33 ಊರುಗಳಲ್ಲಿ ಪಬ್‌ನಿಂದ ಪಬ್‌ಗೆ ಹೋಗಿ ಕುಡಿದು ಅಂಕ ಕೊಟ್ಟರು. 2011ರಲ್ಲಿ ಅದು ಪ್ರಕಟವಾಯಿತು. ನೂರಕ್ಕೆ ಐರ್ಲೆಂಡಿನ ಸರಾಸರಿ 74, ಹೊರಗಿನದು 57. ಪಬ್‌ನ ವಾತಾವರಣ, ನೊರೆಯ ಎತ್ತರ ಇಂಥದ್ದನ್ನು ಲೆಕ್ಕದಿಂದ ಕಳೆದರೂ ಅಂತರ ಉಳಿಯಿತು. ಕುಡಿದವರಿಗೆ ತಾವು ಯಾವ ಊರಿನಲ್ಲಿದ್ದೇವೆ ಎಂದು ಗೊತ್ತಿತ್ತು ಎಂಬುದು ಅದರ ಕೊರತೆ. ಆದರೂ ನನ್ನಂಥವರು ದಿನಾ ನೋಡುವುದಕ್ಕೆ ಅದು ಹೊಂದುತ್ತದೆ: ಬೇಗ ಖರ್ಚಾಗುವ ಕಡೆ, ಬಿಯರ್ ಬರುವ ಪೈಪ್ ತೊಳೆದಿರುವ ಕಡೆ ಬಿಯರ್ ಚೆನ್ನಾಗಿರುತ್ತದೆ.

ಇನ್ನು ತರುವ ವಿಷಯ. ಭಾರತಕ್ಕೆ ಬರುವಾಗ ಒಬ್ಬರಿಗೆ 2 ಲೀಟರ್ ಮದ್ಯಕ್ಕೆ ಸುಂಕವಿಲ್ಲ. ಬಿಯರ್, ವೈನ್, ವಿಸ್ಕಿ ಎಲ್ಲ ಸೇರಿ ಆ 2 ಲೀಟರ್. ಅರ್ಧ ಲೀಟರಿನ ನಾಲ್ಕು ಬಿಯರ್‌ಗೆ ಅದು ಮುಗಿಯಿತು. ಜಾಸ್ತಿ ಇದ್ದರೆ ಕಸ್ಟಮ್ಸ್‌ನ ರೆಡ್ ಚಾನೆಲ್‌ನಲ್ಲಿ ಹೇಳಿ ಸುಂಕ ಕಟ್ಟಬೇಕು. ಸುಮ್ನೆ ದಾಟಿಬಿಡೋಣ ಎಂದು ನೋಡಬೇಡಿ. ಅಂಗಡಿಯಲ್ಲಿ ಕೊಂಡದ್ದು ಚೆಕ್-ಇನ್ ಬ್ಯಾಗ್‌ನಲ್ಲೇ ಇರಬೇಕು. ಡ್ಯೂಟಿ ಫ್ರೀಯಲ್ಲಿ ಕೊಂಡರೆ ಸೀಲ್ ಮಾಡಿದ ಚೀಲ ತೆರೆಯಬಾರದು. ನಡುವೆ ವಿಮಾನ ಬದಲಿಸುವ ಕಡೆ ಮತ್ತೆ ತಪಾಸಣೆ ಇದ್ದರೆ ಅದೂ ಕೈಬಿಟ್ಟು ಹೋಗಬಹುದು.

ಲಾಗರನ್ನೇ ತರಬೇಕು ಎಂದಾದರೆ ಕ್ಯಾನ್ ತನ್ನಿ. ಬೆಳಕು ಒಳಗೆ ಹೋಗುವುದಿಲ್ಲ, ಒಡೆಯುವ ಭಯ ಕಡಿಮೆ. ಹೊರಡುವ ಹಿಂದಿನ ದಿನ, ಅಂಗಡಿಯ ಫ್ರಿಜ್‌ನಲ್ಲಿರುವುದನ್ನು, ದಿನಾಂಕ ನೋಡಿ ಕೊಳ್ಳಿ. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೂಟ್‌ಕೇಸ್‌ನ ನಡುವೆ ಇಡಿ. ಆದರೂ ಕೊಲ್ಲಿ ದೇಶದ ವಿಮಾನ ನಿಲ್ದಾಣದ ಬಿಸಿಲಿನಲ್ಲಿ ಬ್ಯಾಗ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಮನೆಗೆ ಬಂದ ತಕ್ಷಣ ಫ್ರಿಜ್‌ಗೆ ಹಾಕಿ, ಹದಿನೈದು ದಿನದಲ್ಲಿ ಮುಗಿಸಿ. ಗೆಳೆಯರನ್ನು ಹಬ್ಬದ ತನಕ ಕಾಯಿಸಬೇಡಿ.

ನನ್ನನ್ನು ಕೇಳಿದರೆ ಆ 2 ಲೀಟರನ್ನು ಲಾಗರ್‌ಗೆ ಖರ್ಚು ಮಾಡಲೇಬೇಡಿ. ಬೆಲ್ಜಿಯಂನ ಟ್ರಾಪಿಸ್ಟ್ ಎಂಬ ಕ್ರೈಸ್ತ ಸಂನ್ಯಾಸಿಗಳ ಮಠಗಳ ಗಟ್ಟಿ ಕಪ್ಪು ಬಿಯರ್‌ಗಳಿವೆ, ಶೇ. 8ರಿಂದ 10ರವರೆಗೆ ಆಲ್ಕೋಹಾಲ್ ಇರುವಂಥವು. ಬಾಟಲಿಯಲ್ಲೇ ಯೀಸ್ಟ್ ಇರುತ್ತದೆ, ಅದು ಉಳಿದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಕತ್ತಲೆಯಲ್ಲಿ, ತಂಪಿನಲ್ಲಿ ಇಟ್ಟರೆ ಇವು ವರ್ಷಗಳ ಕಾಲ ಇರುತ್ತವೆ, ಕೆಲವು ಇನ್ನೂ ಚೆನ್ನಾಗುತ್ತವೆ. ಬಿಯರ್ ಹಳಸುತ್ತದೆ ಎಂಬ ನನ್ನ ಮಾತಿಗೆ ಇವು ಹೊರತು. ಜರ್ಮನಿಯ ಒಳ್ಳೆಯ ಬಿಯರ್ ಅಂಗಡಿಗಳಲ್ಲಿ ಇವು ಸಿಗುತ್ತವೆ. ಕುಡಿಯುವಾಗ ಮಾತ್ರ ಸಣ್ಣ ಗ್ಲಾಸ್, ಹಂಚಿಕೊಂಡು.

ಊರಲ್ಲೇ ಬೇಕು ಅನ್ನಿಸಿದರೆ ಬೆಂಗಳೂರಿನ ಬ್ರೂ ಪಬ್‌ಗಳು ಹತ್ತಿರದ ದಾರಿ. ಟ್ಯಾಂಕ್ ಕಣ್ಣೆದುರೇ ಇರುತ್ತದೆ, ಬಿಯರ್ ಊರು ಬಿಟ್ಟು ಊರಿಗೆ ಹೋಗಿರುವುದಿಲ್ಲ. ಆದರೆ ಒಂದು ಒಳಗಿನ ವಿಷಯ ತಿಳಿದಿರಲಿ. ಗೋಧಿ ಬಿಯರ್, ಏಲ್ (ಲಾಗರ್‌ಗಿಂತ ಹೆಚ್ಚು ಶಾಖದಲ್ಲಿ ಬೇಗ ಹುದುಗುವ ಬಿಯರ್) ಎರಡು ಮೂರು ವಾರದಲ್ಲಿ ತಯಾರಾಗುತ್ತವೆ. ಪಿಲ್ಸ್ನರ್, ಅಂದರೆ ಪಿಲ್ಸೆನ್ ಥರದ ಲಾಗರ್, ಸರಿಯಾಗಿ ಆಗಬೇಕಾದರೆ ತಣ್ಣಗೆ ಒಂದು ತಿಂಗಳಿಗೂ ಹೆಚ್ಚು ಟ್ಯಾಂಕ್‌ನಲ್ಲಿ ಮಲಗಬೇಕು. ಅಷ್ಟು ದಿನ ಟ್ಯಾಂಕ್ ಕಟ್ಟಿಹಾಕುವುದು ಮಾಲೀಕರಿಗೆ ನಷ್ಟ. ಹಾಗಾಗಿ ಕೆಲವು ಕಡೆ ಲಾಗರ್ ಇರುವುದೇ ಇಲ್ಲ, ಕೆಲವು ಕಡೆ ಅವಸರದ ಲಾಗರ್ ಸಿಗುತ್ತದೆ. ಬೆಣ್ಣೆ ಪಾಪ್‌ಕಾರ್ನ್ ವಾಸನೆ ಢಾಳಾಗಿ ಬಂದರೆ ಅದು ಅವಸರದ ಗುರುತು ಇರಬಹುದು. ಹುಳಿ ಹುಳಿ, ವಿನಿಗರ್ ಥರ ಬಂದರೆ ಹೆಚ್ಚಾಗಿ ಪೈಪ್ ತೊಳೆದಿಲ್ಲ. ಮೊದಲು ಸ್ವಲ್ಪ ರುಚಿ ನೋಡಲು ಕೇಳಿ, ಎಲ್ಲ ಕಡೆ ಕೊಡುತ್ತಾರೆ. ಚೆನ್ನಾಗಿಲ್ಲದಿದ್ದರೆ ವಾಪಸ್ ಕಳಿಸಲು ಸಂಕೋಚ ಬೇಡ.

ದಾವಣಗೆರೆಯ ವೈನ್ ಶಾಪ್‌ನಲ್ಲಿ ಕೊಳ್ಳುವುದಾದರೆ ಬ್ರ್ಯಾಂಡ್‌ಗಿಂತ ಮೊದಲು ತಯಾರಿಕೆಯ ತಿಂಗಳು ನೋಡಿ. ಆರು ತಿಂಗಳ ಹಿಂದಿನ ದುಬಾರಿ ಆಮದು ಬಾಟಲಿಗಿಂತ ಕಳೆದ ತಿಂಗಳು ನಮ್ಮ ರಾಜ್ಯದಲ್ಲೇ ತುಂಬಿದ ಶೇ. 5ರ ಸಾದಾ ಲಾಗರ್ ಕ್ಯಾನ್ ಮೇಲು. ಬಾಗಿಲ ಬಳಿ ಬಿಸಿಲಿಗೆ ಪೇರಿಸಿಟ್ಟ ಕ್ರೇಟ್‌ನದ್ದು ಬೇಡ. ಮನೆಯಲ್ಲಿ ಸೋಪಿನ ಜಿಡ್ಡು ಉಳಿಯದ ಗ್ಲಾಸ್‌ಗೆ, ನೊರೆ ಏಳುವ ಹಾಗೆ ಸುರಿಯಿರಿ. ಫ್ರೀಜರ್‌ನಲ್ಲಿಟ್ಟ ಚಿಲ್ಡ್ ಬಿಯರ್‌ಗೆ ನಾಲಿಗೆ ಮರಗಟ್ಟುತ್ತದೆ, ಏಳು ಡಿಗ್ರಿ ಸುಮಾರಿಗೆ ಇದ್ದರೆ ಸಾಕು. ಪಿಲ್ಸೆನ್ ನೆಲಮಾಳಿಗೆಯ ರುಚಿ ಬರುವುದಿಲ್ಲ. ಆದರೆ ಕುಡಿಯುತ್ತಿರುವುದು ಬಿಯರ್ ಎಂದು ಗೊತ್ತಾಗುತ್ತದೆ.

ಜರ್ಮನಿಗೆ ಹೋದಾಗ ಎಲ್ಲರೂ ಮ್ಯೂನಿಕ್‌ನ ಬಿಯರ್ ಉತ್ಸವ ಆಕ್ಟೋಬರ್‌ಫೆಸ್ಟ್ ಎನ್ನುತ್ತಾರೆ. ನನಗೆ ಅದು ಒಮ್ಮೆ ನೋಡಲು ಸರಿ. ಮ್ಯೂನಿಕ್‌ನ ಆರು ಬ್ರೂವರಿಗಳ ಬಿಯರ್ ಮಾತ್ರ ಅಲ್ಲಿ ಸಿಗುತ್ತದೆ. ಮಗ್ ಒಂದು ಲೀಟರಿನದು, ಆಲ್ಕೋಹಾಲ್ ಶೇ. 6ರ ಹತ್ತಿರ. ಒಂದು ಮಗ್‌ಗೇ 60 ಮಿಲಿ ಆಲ್ಕೋಹಾಲ್, ಪ್ರಾಗ್‌ನ ಸುಮಾರು ಮೂರು ಮಗ್‌ಗೆ ಸಮ. ನಿಮ್ಮ ನಾಲ್ಕರ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಮ್ಯೂನಿಕ್‌ನಿಂದ ರೈಲಿನಲ್ಲಿ ಎರಡು ಗಂಟೆ ದೂರದ ಬಾಂಬೆರ್ಗ್‌ಗೆ ಹೋಗಿ. ಅಲ್ಲಿ ಬೀಚ್ ಮರದ ಸೌದೆಯ ಹೊಗೆಯಲ್ಲಿ ಒಣಗಿಸಿದ ಮಾಲ್ಟ್‌ನಿಂದ ಬಿಯರ್ ಮಾಡುತ್ತಾರೆ. ಷ್ಲೆಂಕರ್ಲಾ ಅದಕ್ಕೆ ಹೆಸರಾದ ಜಾಗ. ಮೊದಲ ಗುಟುಕಿಗೆ ಮುಖ ಕಿವುಚುತ್ತೀರಿ. ಮೊದಲ ಗ್ಲಾಸ್ ಮುಗಿಯುವ ತನಕ ತೀರ್ಪು ಕೊಡಬೇಡಿ. ಕೊಲೋನ್‌ಗೆ ಹೋದರೆ 200 ಮಿಲಿಯ ಸಣ್ಣ ಗ್ಲಾಸ್‌ನಲ್ಲಿ ಕೊಲ್ಶ್ ಎಂಬ ಅಲ್ಲಿಯ ಬಿಯರ್ ಬರುತ್ತದೆ. ಖಾಲಿಯಾದ ಕೂಡಲೇ ಕೇಳದೆ ಇನ್ನೊಂದು ಇಟ್ಟು ಕೋಸ್ಟರ್ ಮೇಲೆ ಗೀಟು ಎಳೆಯುತ್ತಾರೆ. ಸಾಕು ಅನ್ನಿಸಿದರೆ ಕೋಸ್ಟರನ್ನು ಗ್ಲಾಸ್ ಮೇಲೆ ಮುಚ್ಚಿ. ಕಾರು ಮಾತ್ರ ಬೇಡ, ರೈಲಿನಲ್ಲೇ ಓಡಾಡಿ. ಜೆಕ್ ಕಡೆ ಮತ್ತೆ ಹೋದರಂತೂ ನೆನಪಿರಲಿ, ಅಲ್ಲಿ ಚಾಲಕನ ರಕ್ತದಲ್ಲಿ ಆಲ್ಕೋಹಾಲ್ ಸೊನ್ನೆ ಇರಬೇಕು.

ನಿಮ್ಮ ಮನೆಯವರಿಗೆ ಮ್ಯೂನಿಕ್‌ನ ಬಿಯರ್ ಗಾರ್ಡನ್ ಇಷ್ಟವಾಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಚೆಸ್ಟ್‌ನಟ್ ಮರಗಳ ನೆರಳು, ಉದ್ದ ಬೆಂಚು, ಮಕ್ಕಳು ಮರಿ, ಅಜ್ಜ ಅಜ್ಜಿ ಎಲ್ಲರೂ ಇರುತ್ತಾರೆ. 1812ರಲ್ಲಿ ಅಲ್ಲಿಯ ರಾಜ ಬ್ರೂವರಿಗಳಿಗೆ ತಮ್ಮ ನೆಲಮಾಳಿಗೆಯ ಬಳಿಯೇ ಬಿಯರ್ ಮಾರಲು ಬಿಟ್ಟ, ಆದರೆ ಬ್ರೆಡ್ ಬಿಟ್ಟು ಬೇರೆ ಊಟ ಮಾರಲು ಬಿಡಲಿಲ್ಲ. ಜನ ಮನೆಯಿಂದ ಬುತ್ತಿ ತಂದರು. ಆ ಪದ್ಧತಿ ಇವತ್ತಿಗೂ ಇದೆ. ಮೇಜಿನ ಮೇಲೆ ಬಟ್ಟೆ ಹಾಸಿರದ ಸೆಲ್ಫ್ ಸರ್ವಿಸ್ ಭಾಗದಲ್ಲಿ ನಿಮ್ಮ ಊಟ ನೀವು ಬಿಚ್ಚಬಹುದು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಚಪಾತಿ ಚಟ್ನಿಪುಡಿ ಒಯ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಆಪಲ್ ಜ್ಯೂಸ್‌ಗೆ ಸೋಡಾ ಬೆರೆಸಿದ ಆಪ್ಫೆಲ್‌ಷೋರ್ಲೆ ಎಲ್ಲ ಕಡೆ ಸಿಗುತ್ತದೆ, ಅವರಿಗೆ ಅದನ್ನು ಹೇಳಿ. ಆಲ್ಕೋಹಾಲ್‌ಫ್ರೈ ಎಂದು ಬರೆದ ಬಿಯರ್‌ನಲ್ಲಿ ಶೇ. 0.5ರ ತನಕ ಆಲ್ಕೋಹಾಲ್ ಇರಬಹುದು. ಚೂರೂ ಬೇಡ ಎನ್ನುವುದಾದರೆ 0.0 ಎಂದು ಬರೆದದ್ದನ್ನು ಕೇಳಿ. ರಾಡ್ಲರ್ ಎಂಬುದು ನಿಂಬೆ ಪಾನಕದಂತೆ ಕಾಣುತ್ತದೆ, ಸಿಹಿಯೂ ಇರುತ್ತದೆ. ಆದರೆ ಅದರಲ್ಲಿ ಅರ್ಧ ಬಿಯರೇ, ಗೊತ್ತಿಲ್ಲದೆ ಅವರ ಕೈಗೆ ಕೊಟ್ಟುಬಿಡಬೇಡಿ.